ಮೊಬೈಲ್ ಗೋಪುರ, ವಿಕಿರಣ ಮತ್ತು ವರದಿಗಳು: ಗ್ರಾಮ ಪಂಚಾಯಿತಿ ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಜೆ.ಪಿ. ನಗರ ಮತ್ತು ಬನಶಂಕರಿ ಬಡಾವಣೆಗಳು ದಕ್ಷಿಣಕ್ಕೆ ವಿಸ್ತರಿಸಿದಂತೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಗ್ರಾಮಗಳಲ್ಲಿಯೂ ಮೊಬೈಲ್ ಗೋಪುರಗಳು ತಲೆಯೆತ್ತಿವೆ. ಗೋಪುರ ಸ್ಥಾಪನೆಯ ವಿಷಯ ಸಭೆಯ ಮುಂದೆ ಬಂದಾಗ ಸದಸ್ಯರ ಕೈಗೆ ಸಾಮಾನ್ಯವಾಗಿ ಎರಡು ಬಗೆಯ ಕಾಗದಗಳು ಬರುತ್ತವೆ. ಯಾವ ಅಪಾಯವೂ ಇಲ್ಲವೆಂದು ಒಂದು ಹೇಳಿದರೆ, ಕ್ಯಾನ್ಸರ್ ನಿಶ್ಚಿತವೆಂದು ಮತ್ತೊಂದು ಹೇಳುತ್ತದೆ. ಎರಡೂ ಸಂಶೋಧನೆಯ ಹೆಸರನ್ನೇ ಮುಂದಿಡುತ್ತವೆ. ತೀರ್ಮಾನ ತಪ್ಪಿದರೆ ಗ್ರಾಮಸ್ಥರು ಒಂದೋ ಅನಗತ್ಯ ಭೀತಿಯಲ್ಲಿ ಬದುಕಬೇಕಾಗುತ್ತದೆ, ಇಲ್ಲವೇ ಮಿತಿ ಮೀರಿದ ವಿಕಿರಣವನ್ನು ಅರಿಯದೆ ಸಹಿಸಬೇಕಾಗುತ್ತದೆ. ಆದ್ದರಿಂದ ಇಂತಹ ವರದಿಗಳನ್ನು ಓದುವ ಕ್ರಮವನ್ನು ತಿಳಿದಿರುವುದು ಅವಶ್ಯ.

ವಿಕಿರಣದ ಸ್ವರೂಪ

ಗೋಪುರ ಮತ್ತು ದೂರವಾಣಿಗಳು ಹೊರಸೂಸುವುದು ರೇಡಿಯೋ ತರಂಗಗಳನ್ನು. ಎಕ್ಸ್-ರೇಯಂತೆ ಅಣುಗಳನ್ನು ಅಯಾನೀಕರಿಸುವ ಶಕ್ತಿ ಇವುಗಳಿಗಿಲ್ಲ. ಪ್ರಮಾಣ ಹೆಚ್ಚಾದಾಗ ದೇಹದ ಅಂಗಾಂಶ ಬಿಸಿಯಾಗುವುದು ಇವುಗಳ ದೃಢಪಟ್ಟ ಪರಿಣಾಮ. ಸುರಕ್ಷತಾ ಮಿತಿಗಳನ್ನು ನಿಗದಿಪಡಿಸಿರುವುದು ಇದನ್ನೇ ಆಧರಿಸಿ. ದೂರ ಎರಡು ಪಟ್ಟಾದರೆ ತೀವ್ರತೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದಕಾರಣ ಬಹುತೇಕರ ತಲೆಗೆ ತಲುಪುವ ತರಂಗಗಳ ಹೆಚ್ಚಿನ ಪಾಲು ಕಿವಿಗೆ ಒತ್ತಿದ ದೂರವಾಣಿಯದೇ ಹೊರತು ಗೋಪುರದ್ದಲ್ಲ. ಸಿಗ್ನಲ್ ದುರ್ಬಲವಾದಷ್ಟೂ ದೂರವಾಣಿ ತನ್ನ ಪ್ರಸಾರ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಗೋಪುರವನ್ನು ಬಹುದೂರಕ್ಕೆ ಸಾಗಿಸಿದ ಮಾತ್ರಕ್ಕೆ ವಿಕಿರಣ ಕಡಿಮೆಯಾಯಿತೆಂದು ಭಾವಿಸಲಾಗದು.

ಆಂಟೆನಾದ ತರಂಗಪುಂಜ ಬಹುಮಟ್ಟಿಗೆ ಅಡ್ಡಲಾಗಿ ಮುಂದಕ್ಕೆ ಸಾಗುತ್ತದೆ. ಆದುದರಿಂದ ಅಳತೆಯ ವೇಳೆ ಗೋಪುರದ ಬುಡಕ್ಕಿಂತ, ಆಂಟೆನಾಕ್ಕೆ ಎದುರಾಗಿ ಅದೇ ಎತ್ತರದಲ್ಲಿರುವ ಸಮೀಪದ ಮಹಡಿ ಮನೆಗಳಿಗೆ ಗಮನ ಕೊಡಬೇಕು.

ಸಂಶೋಧನೆ ಹೇಳಿರುವುದೇನು

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ ತಿಂಗಳಲ್ಲಿ ಈ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಈ ವರ್ಗೀಕರಣ ಸೂಚಿಸುವುದು ಸಾಕ್ಷ್ಯದ ಬಲವನ್ನು, ಅಪಾಯದ ಪ್ರಮಾಣವನ್ನಲ್ಲ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2018ರಲ್ಲಿ, ದಿನಕ್ಕೆ ಒಂಬತ್ತು ಗಂಟೆ ಇಡೀ ದೇಹಕ್ಕೆ ವಿಕಿರಣ ತಗುಲಿಸಿದ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡುಬಂದವೆಂದು ವರದಿ ಮಾಡಿತು. ಅದನ್ನು ಮನುಷ್ಯರ ಬಳಕೆಗೆ ನೇರವಾಗಿ ಅನ್ವಯಿಸಬಾರದೆಂದೂ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 63 ಅಧ್ಯಯನಗಳನ್ನೊಳಗೊಂಡ 2024ರ ಪರಿಶೀಲನೆಯು ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ಸಂಬಂಧ ಕಂಡುಬಂದಿಲ್ಲವೆಂದಿತು. ಒಂದೇ ವರದಿಯನ್ನು ಆಯ್ದುಕೊಂಡವರು ತಮಗೆ ಬೇಕಾದುದನ್ನು ಹೇಳಬಹುದೆಂಬುದು ಇದರಿಂದ ಸ್ಪಷ್ಟ.

ಅಧ್ಯಯನಕ್ಕೆ ಹಣ ಯಾರದು

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಇಂತಹ 59 ಪ್ರಯೋಗಗಳನ್ನು ಹಣದ ಮೂಲದ ದೃಷ್ಟಿಯಿಂದ ಪರಿಶೀಲಿಸಿದರು. ಉದ್ಯಮದ ಹಣದಿಂದಲೇ ನಡೆದ ಅಧ್ಯಯನಗಳಲ್ಲಿ ‘ಪರಿಣಾಮ ಕಂಡಿದೆ’ ಎಂಬ ಫಲಿತಾಂಶ ಬರುವ ಸಂಭವ ಅತ್ಯಂತ ಕಡಿಮೆಯಿತ್ತು. 22 ಅಧ್ಯಯನಗಳು ಹಣದ ಮೂಲವನ್ನೇ ನಮೂದಿಸಿರಲಿಲ್ಲ. ಆದರೆ ಗುಣಮಟ್ಟದಲ್ಲಿ ಮೇಲಿದ್ದವು ಸಾರ್ವಜನಿಕ ಮತ್ತು ಉದ್ಯಮದ ಮಿಶ್ರ ನಿಧಿಯಿಂದ ನಡೆದವು. ಉದ್ಯಮದ ಹಣವಿದ್ದ ಮಾತ್ರಕ್ಕೆ ಅಧ್ಯಯನ ಸುಳ್ಳಾಗುವುದಿಲ್ಲ; ಹಣ ನೀಡಿದವರು ಫಲಿತಾಂಶವನ್ನು ನಿಯಂತ್ರಿಸದಂತೆ ತಡೆಯಿದೆಯೇ ಎಂಬುದು ಮುಖ್ಯ. 13 ದೇಶಗಳಲ್ಲಿ ನಡೆದ ಇಂಟರ್‌ಫೋನ್ ಅಧ್ಯಯನದ ವೆಚ್ಚದಲ್ಲಿ ಉದ್ಯಮದ ಪಾಲಿತ್ತು. ಆ ಕಾರಣದಿಂದಲೇ ಅದರ ಬಹುಪಾಲನ್ನು ಮಧ್ಯವರ್ತಿ ಸಂಸ್ಥೆಯ ಮೂಲಕ ನೀಡುವ ವ್ಯವಸ್ಥೆ ಮಾಡಲಾಗಿತ್ತು.

ಉದ್ಯಮದ ಪ್ರಭಾವ ದೂರದೇಶಗಳ ಸಂಗತಿ ಮಾತ್ರವಲ್ಲ. 2010ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತಂಬಾಕು ಉದ್ಯಮದ ಅಂತರರಾಷ್ಟ್ರೀಯ ಸಮಾವೇಶ ಏರ್ಪಾಡಾಗಿತ್ತು. ಸರ್ಕಾರದ ಅಂಗವಾದ ತಂಬಾಕು ಮಂಡಳಿಯೂ ಅದರ ಪ್ರಾಯೋಜಕರಲ್ಲಿ ಒಂದಾಗಿತ್ತು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನೆಲೆಗೊಂಡ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಯಿಂದ ರಕ್ಷಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿಯೇ ಅನುಮೋದಿಸಿತ್ತು. ನ್ಯಾಯಾಲಯದ ಮಧ್ಯಪ್ರವೇಶದ ನಂತರ ಮಂಡಳಿ ಹಿಂದೆ ಸರಿಯಿತು. ತಂಬಾಕಿನ ಹಾನಿ ಸಿದ್ಧವಾದುದು, ಮೊಬೈಲ್ ತರಂಗಗಳದ್ದು ಹಾಗಲ್ಲ. ಹೀಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಸಾರ್ವಜನಿಕ ಸಂಸ್ಥೆ ಮತ್ತು ಉದ್ಯಮದ ನಡುವೆ ಅಂತರವಿರಬೇಕೆಂಬ ತತ್ತ್ವ ಪಂಚಾಯಿತಿಗೂ ಅನ್ವಯಿಸುತ್ತದೆ. ಭಯವನ್ನೇ ಬಂಡವಾಳ ಮಾಡಿಕೊಂಡು ‘ವಿಕಿರಣ ತಡೆ’ ಸ್ಟಿಕ್ಕರ್ ಮಾರುವವರಿಗೂ ಲಾಭದ ಹಿತಾಸಕ್ತಿಯಿದೆ ಎಂಬುದನ್ನು ಮರೆಯಬಾರದು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1. ವರದಿಯನ್ನು ಸಿದ್ಧಪಡಿಸಿದವರು ಯಾರು? ಹಣ ನೀಡಿದವರು ಯಾರು? ಅದು ವರದಿಯಲ್ಲಿ ನಮೂದಾಗಿದೆಯೇ?

2. ವರದಿ ಒಂದೇ ಅಧ್ಯಯನವನ್ನು ಅವಲಂಬಿಸಿದೆಯೇ, ಅಥವಾ ಹಲವು ಅಧ್ಯಯನಗಳ ಒಟ್ಟು ಪರಿಶೀಲನೆಯೇ?

3. ಅಧ್ಯಯನ ನಡೆದದ್ದು ಇಲಿಗಳ ಮೇಲೋ, ಮನುಷ್ಯರ ಮೇಲೋ? ಗೋಪುರದ ಕುರಿತೋ, ದೂರವಾಣಿಯ ಕುರಿತೋ?

4. ಈ ಸ್ಥಳದಲ್ಲಿ ಅಳತೆ ನಡೆದಿದೆಯೇ? ನಡೆಸಿದವರು ಯಾರು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ವಿಕಿರಣದ ಮಿತಿಯನ್ನು ನಿಗದಿಪಡಿಸುವುದು ಕೇಂದ್ರ ದೂರಸಂಪರ್ಕ ಇಲಾಖೆ. ಪಂಚಾಯಿತಿಗೆ ಆ ಅಧಿಕಾರವಿಲ್ಲ. 2012ರ ಸೆಪ್ಟೆಂಬರ್ 1ರಿಂದ ಇಲಾಖೆಯು ಗೋಪುರಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಮಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಚಾಲ್ತಿಯಲ್ಲಿರುವ ಆದೇಶವನ್ನೇ ಆಧಾರವಾಗಿ ಇರಿಸಿಕೊಳ್ಳಬೇಕು. ಮಿತಿ ಪಾಲನೆಯ ಬಗ್ಗೆ ಕಂಪನಿಗಳೇ ಸ್ವಯಂ ಪ್ರಮಾಣಪತ್ರ ಸಲ್ಲಿಸುತ್ತವೆ. ಇಲಾಖೆ ಕೆಲವನ್ನು ಮಾತ್ರ ಆಯ್ದು ಪರೀಕ್ಷಿಸುತ್ತದೆ. ಆದುದರಿಂದ ದೂರು ಬಂದ ಕಡೆ ಕಂಪನಿಯ ಪ್ರಮಾಣಪತ್ರವಷ್ಟೇ ಸಾಲದು. 2017ರಲ್ಲಿ ಆರಂಭವಾದ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ಗೋಪುರದ ವಿವರ ನೋಡಬಹುದು. ನಿಗದಿತ ಶುಲ್ಕ ಪಾವತಿಸಿ ಇಲಾಖೆಯಿಂದಲೇ ಅಳತೆ ಮಾಡಿಸಬಹುದು.

ಗೋಪುರದ ತೆರಿಗೆ ಪ್ರತ್ಯೇಕ ವಿಷಯ. ಮೊಬೈಲ್ ಗೋಪುರಗಳಿಗೆ ಕಟ್ಟಡದಂತೆ ಆಸ್ತಿ ತೆರಿಗೆ ವಿಧಿಸಲು ರಾಜ್ಯ ಶಾಸನಕ್ಕೆ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿದಿದೆ. ತೆರಿಗೆ ಬರುತ್ತದೆಂಬ ಕಾರಣಕ್ಕೆ ಆರೋಗ್ಯದ ದೂರನ್ನು ಬದಿಗಿಡುವುದಾಗಲಿ, ದೂರಿದೆಯೆಂಬ ಕಾರಣಕ್ಕೆ ತೆರಿಗೆ ಬಾಕಿ ಉಳಿಸುವುದಾಗಲಿ ಸರಿಯಲ್ಲ.

ಗ್ರಾಮಸ್ಥರಿಗೆ ತಿಳಿಸಬೇಕಾದುದು

ಭಾರತದಲ್ಲಿ ಮಾರಾಟವಾಗುವ ದೂರವಾಣಿಯ ವಿಕಿರಣ ಹೀರಿಕೆಯ ಪ್ರಮಾಣ ಪ್ರತಿ ಕಿಲೋಗ್ರಾಂ ಅಂಗಾಂಶಕ್ಕೆ 1.6 ವ್ಯಾಟ್ ಮೀರಬಾರದು. ಬಹುತೇಕ ದೂರವಾಣಿಗಳಲ್ಲಿ *#07# ಒತ್ತಿದರೆ ಇದರ ವಿವರ ದೊರೆಯುತ್ತದೆ. ದೀರ್ಘ ಸಂಭಾಷಣೆಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸುವುದು, ಸಿಗ್ನಲ್ ದುರ್ಬಲವಿದ್ದಲ್ಲಿ ಮಾತು ಮೊಟಕುಗೊಳಿಸುವುದು ಖರ್ಚಿಲ್ಲದ ಎಚ್ಚರಿಕೆಗಳು. ಮಕ್ಕಳ ವಿಷಯದಲ್ಲಿ ಮೊಬೈಲಿನ ಅತಿಬಳಕೆಯೇ ಹೆಚ್ಚು ಪ್ರತ್ಯಕ್ಷವಾದ ತೊಂದರೆ. ಇದಕ್ಕಾಗಿ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ‘ಶಟ್’ ಚಿಕಿತ್ಸಾಲಯವನ್ನು ಆರಂಭಿಸಿದೆ.

ಸಭೆಯ ತೀರ್ಮಾನ ಯಾವುದೇ ಇರಲಿ, ಸಲ್ಲಿಕೆಯಾದ ವರದಿಗಳ ಹೆಸರು, ಅವುಗಳ ಹಣದ ಮೂಲ, ಸ್ಥಳದಲ್ಲಿ ಪಡೆದ ಅಳತೆ ಮತ್ತು ಅಳತೆಯ ದಿನಾಂಕವನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು. ಮುಂದೆ ಪ್ರಶ್ನೆ ಎದ್ದಾಗ ಗ್ರಾಮಸ್ಥರಿಗೂ ಪಂಚಾಯಿತಿಗೂ ಈ ದಾಖಲೆಯೇ ಆಧಾರವಾಗುತ್ತದೆ.