ಶಾಲೆಯ ನಂದಾದೀವಿಗೆ

ನಮ್ಮ ಪ್ರಾಚೀನ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿಗಳ ಉಲ್ಲೇಖ ಹೇರಳವಾಗಿದೆ. ಆ ದಾನಿಗಳು ದೀಪವನ್ನಷ್ಟೇ ಕೊಟ್ಟು ಕೃತಾರ್ಥರಾಗಲಿಲ್ಲ. ಅದು ಆರದಂತೆ ಎಣ್ಣೆಗಾಗಿ ಭೂಮಿಯನ್ನೋ ಹೊನ್ನನ್ನೋ ಗಾಣದ ಆದಾಯವನ್ನೋ ಬಿಟ್ಟರು. ಶಾಲೆಗಳಿಗೆ ಸೌರದೀಪವನ್ನು ಒದಗಿಸಹೊರಟಿರುವ ನಮಗೆ ಪೂರ್ವಿಕರ ಈ ವಿವೇಕವು ಮಾರ್ಗದರ್ಶಕವಾಗಬೇಕು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಇಂದು ಹಳ್ಳಿಗಳಿಗೂ ತಂತಿ ಹೋಗಿದೆ. ಆದರೆ ತಂತಿಯಿದ್ದ ಮಾತ್ರಕ್ಕೆ ಬೆಳಕಿದ್ದಂತಾಗದು. ಮಳೆಗಾಲದಲ್ಲಿ ಮರವೊಂದು ಉರುಳಿದರೆ ಸಾಕು, ಮಕ್ಕಳ ಸಂಜೆಯ ಓದು ಕತ್ತಲೆಯ ಪಾಲಾಗುತ್ತದೆ.

ಈ ಕೊರತೆಗೆ ನಮ್ಮ ನಾಡಿನಲ್ಲಿಯೇ ಒಂದು ಪರಿಹಾರವು ರೂಪುಗೊಂಡಿದೆ. ಬೆಂಗಳೂರಿನಲ್ಲಿ 1995ರಲ್ಲಿ ಸ್ಥಾಪಿತವಾದ ಸೆಲ್ಕೋ ಸಂಸ್ಥೆಯ ಯೋಜನೆಯೊಂದರಲ್ಲಿ ಸೌರಫಲಕವು ಶಾಲೆಯ ಮಾಳಿಗೆಯ ಮೇಲಿರುತ್ತದೆ, ದೀಪವು ಮನೆಯಲ್ಲಿರುತ್ತದೆ. ಬ್ಯಾಟರಿ ಮಾತ್ರ ವಿದ್ಯಾರ್ಥಿಯ ಚೀಲದಲ್ಲಿ ಸಂಚರಿಸುತ್ತದೆ. ಬೆಳಿಗ್ಗೆ ತಂದಿಟ್ಟ ಬ್ಯಾಟರಿಯು ಪಾಠ ಮುಗಿಯುವಷ್ಟರಲ್ಲಿ ತುಂಬಿಕೊಂಡಿರುತ್ತದೆ. ಶಾಲೆಗೆ ಬಾರದವನಿಗೆ ಆ ರಾತ್ರಿ ಬೆಳಕಿಲ್ಲವಾದ್ದರಿಂದ ಹಾಜರಿಗೂ ಇದು ಪ್ರೇರಕ. ಈ ಸಂಸ್ಥೆಯ ಸಹಸ್ಥಾಪಕರಾದ ಡಾ. ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಸಂದಿತು.

ಇದರ ತತ್ತ್ವವು ಸರಳ. ಬಿಸಿಲು ಸಿಲಿಕಾನ್ ಫಲಕದ ಮೇಲೆ ಬಿದ್ದಾಗ ಅದರೊಳಗಣ ಎಲೆಕ್ಟ್ರಾನುಗಳು ಚಲಿಸಿ ವಿದ್ಯುತ್ತು ಉಂಟಾಗುತ್ತದೆ. ಬ್ಯಾಟರಿಯು ಅದನ್ನು ಕೂಡಿಡುತ್ತದೆ. ಲೆಕ್ಕವನ್ನೂ ನೋಡೋಣ. 100 ವಾಟಿನ ಫಲಕವು ದಿನಕ್ಕೆ 4 ಗಂಟೆಗಳ ಪೂರ್ಣ ಬಿಸಿಲಿನಲ್ಲಿ 400 ವಾಟ್-ಗಂಟೆಗಳನ್ನು ಕೊಡುತ್ತದೆ. ಕಾಲುಭಾಗ ನಷ್ಟವಾಯಿತೆಂದರೂ 300 ಉಳಿಯಿತು. 3 ವಾಟಿನ ದೀಪವು 4 ಗಂಟೆ ಉರಿಯಲು ಬೇಕಾದದ್ದು 12. ಹೀಗೆ ಒಂದು ಫಲಕದಿಂದ 25 ಮನೆಗಳಲ್ಲಿ ಓದು ಸಾಗುತ್ತದೆ.

ಆದರೆ ಒಂದು ಸೂಕ್ಷ್ಮವುಂಟು. ಫಲಕವು ಸುಮಾರು 25 ವರ್ಷ ಬಾಳುತ್ತದೆ. ಬ್ಯಾಟರಿಯಾದರೋ ಕೆಲವೇ ವರ್ಷಗಳಲ್ಲಿ ಕ್ಷೀಣಿಸುತ್ತದೆ. ಆಗ ಹೊಸದನ್ನು ಕೊಳ್ಳಲು ಹಣವಿಲ್ಲದಿದ್ದರೆ ಫಲಕವು ದಾನಿಯ ಹೆಸರನ್ನು ಹೊತ್ತು ಮಾಳಿಗೆಯ ಮೇಲೆ ವ್ಯರ್ಥವಾಗಿ ನಿಲ್ಲುವುದು. ಆದುದರಿಂದ ದಾನಿಗಳು ಫಲಕದೊಡನೆ ಬ್ಯಾಟರಿಗಾಗಿ ಚಿಕ್ಕದೊಂದು ಶಾಶ್ವತ ನಿಧಿಯನ್ನೂ ಇರಿಸುವುದು ಲೇಸು. ಅಧ್ಯಾಪಕರು ಫಲಕದ ಧೂಳನ್ನು ಒರೆಸುವ, ನೆರಳು ಬೀಳದಂತೆ ನೋಡುವ, ಸವೆದ ಬ್ಯಾಟರಿಯನ್ನು ತಿಪ್ಪೆಗೆಸೆಯದೆ ಮಾರಾಟಗಾರರಿಗೆ ಮರಳಿಸುವ ಹೊಣೆಯನ್ನು ಸರದಿಯಂತೆ ಹೊರಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಜ್ಞರಾದವರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿದರೆ ಅದೂ ದೊಡ್ಡ ಸೇವೆಯೇ.

ದೀಪವನ್ನು ಹಚ್ಚುವುದು ಒಂದು ದಿನದ ಉತ್ಸವ. ಅದನ್ನು ಆರದಂತೆ ಕಾಯುವುದು ನಿತ್ಯದ ವ್ರತ. ಈ ವ್ರತದಲ್ಲಿ ನಾವೆಲ್ಲರೂ ಪಾಲುಗೊಳ್ಳೋಣ.