ಔತಣಕೂಟಕ್ಕೆ ಕೆಂಪು ವೈನ್: ಆಯ್ಕೆ ಮತ್ತು ಪರೀಕ್ಷೆ

ಬಣ್ಣ, ವಾಸನೆ, ಸದ್ದುಗಳಿಂದಲೇ ಕೊಬ್ಬರಿಯ ಗುಣವನ್ನು ನಿರ್ಣಯಿಸಬಲ್ಲ ಹುಳಿಯಾರು, ತಿಪಟೂರು ಸೀಮೆಯ ವರ್ತಕರು ಪರಊರಿನ ಖರೀದಿದಾರರಿಗೆ ಔತಣ ಏರ್ಪಡಿಸುವಾಗ ಕೆಂಪು ವೈನನ್ನು ಮಾತ್ರ ಬೆಲೆ ನೋಡಿ ಕೊಳ್ಳುವುದುಂಟು. ಆದರೆ ಬೆಲೆಯು ಗುಣಕ್ಕೆ ಖಾತರಿಯಲ್ಲ. ಇಲ್ಲಿಯೂ ಮಾಲನ್ನು ಪರೀಕ್ಷಿಸಿಯೇ ಒಪ್ಪಿಕೊಳ್ಳತಕ್ಕದ್ದು.

ಕಪ್ಪು ದ್ರಾಕ್ಷಿಯ ರಸವನ್ನು ಸಿಪ್ಪೆಯೊಡನೆ ಹುದುಗಿಸುವುದರಿಂದ ಕೆಂಪು ವೈನಿಗೆ ಬಣ್ಣವೂ ಒಗರೂ ಬರುತ್ತವೆ. ಗ್ರೋವರ್ ಸಂಸ್ಥೆಯು 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರವು 2007ರಲ್ಲಿ ವೈನ್ ನೀತಿಯನ್ನು ಪ್ರಕಟಿಸಿತು. ಕ್ಯಾಬರ್ನೆ ಸುವಿನ್ಯೋನ್ ಮತ್ತು ಶಿರಾಜ್ ಇಲ್ಲಿನ ಕೆಂಪು ವೈನಿನ ಪ್ರಮುಖ ತಳಿಗಳು. ‘ಪೋರ್ಟ್’ ಎಂಬ ಹೆಸರಿನಲ್ಲಿ ಅಗ್ಗವಾಗಿ ದೊರೆಯುವ ದೇಶೀಯ ವೈನ್ ಸಿಹಿಯಾಗಿದ್ದು, ಊಟದೊಡನೆ ಅಷ್ಟಾಗಿ ಹೊಂದುವುದಿಲ್ಲ.

ಕೊಳ್ಳುವಾಗ ಚೀಟಿಯಲ್ಲಿ ತಳಿ, ಕೊಯ್ಲಿನ ವರ್ಷ ಮತ್ತು ಮದ್ಯಸಾರದ ಪ್ರಮಾಣವನ್ನು ಗಮನಿಸಬೇಕು. ಹಳೆಯದೆಲ್ಲ ಉತ್ತಮವೆಂಬುದು ತಪ್ಪು ಕಲ್ಪನೆ. ಸಾಧಾರಣ ಬೆಲೆಯ ವೈನನ್ನು ಕೆಲವೇ ವರ್ಷಗಳಲ್ಲಿ ಬಳಸುವುದು ಲೇಸು. ತಿರುಪು ಮುಚ್ಚಳವು ಕೀಳು ಗುಣದ ಗುರುತಲ್ಲ. ವೈನಿನ ನಿಜವಾದ ಶತ್ರು ಶಾಖ. ಬಿಸಿಲು ಬೀಳುವ ಕಪಾಟಿನ ಬಾಟಲಿಯನ್ನು ಕೊಳ್ಳಬಾರದು. ಬೆಂಗಳೂರಿನಿಂದ ತರುವಾಗ ಕಾರಿನ ಡಿಕ್ಕಿಯಲ್ಲಿ ದಿನವಿಡೀ ಬಿಡಲೂಬಾರದು.

ಪರೀಕ್ಷೆಯ ಹಂತಗಳು ಮೂರು. ಮೊದಲು ಲೋಟವನ್ನು ಬಿಳಿ ಕಾಗದದ ಮುಂದೆ ಓರೆಯಾಗಿ ಹಿಡಿದು ಬಣ್ಣ ನೋಡಬೇಕು. ಹೊಸ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕೆಟ್ಟಿರುವ ಸಂಭವವುಂಟು. ಎರಡನೆಯದಾಗಿ ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಬೇಕು. ವಿನೆಗರ್ ಅಥವಾ ನೆನೆದ ರಟ್ಟಿನ ವಾಸನೆಯಿದ್ದರೆ ಬಾಟಲಿಯನ್ನು ಬದಿಗಿಡಬೇಕು. ಕೊನೆಗೆ ಒಂದು ಗುಟುಕನ್ನು ಬಾಯಿತುಂಬ ಆಡಿಸಬೇಕು. ಹಣ್ಣಿನ ರುಚಿ, ಹುಳಿ ಮತ್ತು ಹಸಿ ಅಡಿಕೆಯನ್ನು ನೆನಪಿಸುವ ಒಗರು, ಇವುಗಳಲ್ಲಿ ಯಾವುದೊಂದೂ ಉಳಿದವನ್ನು ಮುಚ್ಚಿಹಾಕದಿದ್ದರೆ ವೈನ್ ಸಮತೂಕದ್ದು. ಕೂಟಕ್ಕೆ ಮುಂಚೆ ಒಂದೇ ಬಾಟಲಿ ತಂದು ಹೀಗೆ ನೋಡಿ, ಬಳಿಕ ಉಳಿದವನ್ನು ಕೊಳ್ಳುವುದು ಜಾಣತನ.

ಹೆಚ್ಚು ಒಗರಿನ ವೈನ್ ಖಾರವನ್ನು ಮತ್ತಷ್ಟು ಕೆರಳಿಸುತ್ತದೆ. ಆದ್ದರಿಂದ ಖಾರದ ಅಡುಗೆಗೆ ಮೃದುವಾದುದನ್ನೂ, ಖಾರ ಕಡಿಮೆಯಿರುವ ಕುರಿಮಾಂಸದ ಅಡುಗೆಗೆ ಗಟ್ಟಿಯಾದುದನ್ನೂ ಆರಿಸಬಹುದು. ಬಡಿಸಲು 15ರಿಂದ 18 ಡಿಗ್ರಿ ಉಷ್ಣತೆ ಯೋಗ್ಯ. ಬೇಸಿಗೆಯಲ್ಲಿ ಬಾಟಲಿಯನ್ನು ಸ್ವಲ್ಪಕಾಲ ಫ್ರಿಜ್ಜಿನಲ್ಲಿಡುವುದು ಅಗತ್ಯ. 750 ಮಿಲಿಲೀಟರಿನ ಬಾಟಲಿಯಿಂದ ತಲಾ 150 ಮಿಲಿಲೀಟರಿನ ಐದು ಲೋಟಗಳಾಗುತ್ತವೆ. ತಲೆಗೆರಡು ಲೋಟದಂತೆ 20 ಮಂದಿಗೆ 8 ಬಾಟಲಿಗಳು ಸಾಕು.

ಸಭಾಂಗಣದಲ್ಲಿ ಮದ್ಯ ಬಡಿಸುವುದಾದರೆ ಅಬಕಾರಿ ಇಲಾಖೆಯಿಂದ ಸಾಂದರ್ಭಿಕ ಸನ್ನದನ್ನು ಮುಂಚಿತವಾಗಿ ಪಡೆಯಬೇಕು. ಮಾನವ ಸೇವನೆಯ ಮದ್ಯವು ಜಿಎಸ್‌ಟಿ ವ್ಯಾಪ್ತಿಗೆ ಸೇರಿಲ್ಲವಾದುದರಿಂದ ಇದರ ಮೇಲೆ ಇನ್‌ಪುಟ್ ತೆರಿಗೆ ಜಮೆಯೂ ಇಲ್ಲ. ಮನೆಯ ಸಮಾರಂಭದ ಖರ್ಚನ್ನು ವ್ಯಾಪಾರದ ಲೆಕ್ಕಕ್ಕೆ ಬರೆಯತಕ್ಕದ್ದಲ್ಲ. ಕುಡಿಯದ ಅತಿಥಿಗಳಿಗೆ ಎಳನೀರು ಸಿದ್ಧವಿರಲಿ. ಕುಡಿದವರನ್ನು ಊರು ಸೇರಿಸಲು ಚಾಲಕನ ಏರ್ಪಾಡೂ ಇರಲಿ.