ಗಾಲಿಯ ಮೇಲಣ ಮನೆಗೂ ಒಂದು ತಂಗುದಾಣ

ಪ್ರಯಾಣ ಹೊರಡತಕ್ಕ ಗೃಹಸ್ಥನಿಗೆ ಮೂರು ಚಿಂತೆಗಳುಂಟು: ಊಟವೆಲ್ಲಿ, ನಿದ್ರೆಯೆಲ್ಲಿ, ಶೌಚವೆಲ್ಲಿ? ಸಂಸಾರದಲ್ಲಿ ವೃದ್ಧರೂ ಶಿಶುಗಳೂ ಇದ್ದರಂತೂ ಈ ಚಿಂತೆಗಳು ಇಮ್ಮಡಿಯಾಗುವುವು. ಇವನ್ನೆಲ್ಲ ಒಂದೇ ಸಲಕ್ಕೆ ಪರಿಹರಿಸುವುದೆಂದು ಹೆಸರಾದ ವಾಹನವೊಂದು ಈಚೆಗೆ ನಮ್ಮ ಸೀಮೆಯ ರಸ್ತೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಮಂಚ, ಒಲೆ, ಫ್ರಿಜ್ಜು, ನೀರಿನ ತೊಟ್ಟಿ, ಪುಟ್ಟ ಶೌಚಗೃಹ ಇವೆಲ್ಲವೂ ಒಳಗೇ ಇರುವ ಮೋಟಾರುಬಂಡಿ ಅದು. ಜನರು ಅದನ್ನು ಕ್ಯಾರವಾನ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಬಾಡಿಗೆಗೆ ದೊರೆಯುತ್ತದೆ. ಕರ್ನಾಟಕ ಸರ್ಕಾರವು 2020ರ ಪ್ರವಾಸೋದ್ಯಮ ನೀತಿಯಲ್ಲಿ ಈ ಬಗೆಯ ಪ್ರವಾಸಕ್ಕೆ ಸ್ಥಾನಕೊಟ್ಟಿತು. ನೆರೆಯ ಕೇರಳದ ವಾಗಮಣ್ ಬೆಟ್ಟದಲ್ಲಿ ಇಂತಹ ಬಂಡಿಗಳು ತಂಗುವುದಕ್ಕೆಂದೇ 2022ರಲ್ಲಿ ಒಂದು ಉದ್ಯಾನವು ಆರಂಭವಾಯಿತು. ಆದುದರಿಂದ ಇದನ್ನು ಶ್ರೀಮಂತರ ವಿನೋದವೆಂದು ತಳ್ಳಿಬಿಡದೆ, ಇದರ ಗುಣದೋಷಗಳನ್ನು ವಿಚಾರಮಾಡುವುದು ಗೃಹಸ್ಥರಾದ ನಮಗೆ ಯುಕ್ತವಾಗಿದೆ.

ಕ್ಯಾರವಾನ್ ಎಂಬುದು ಪಾರಸೀ ಮೂಲದ ಶಬ್ದ. ಮರುಭೂಮಿಯಲ್ಲಿ ಒಂಟೆಗಳೊಡನೆ ಕೂಡಿ ಸಾಗುವ ವರ್ತಕರ ತಂಡಕ್ಕೆ ಆ ಹೆಸರು. ಸಂಸ್ಕೃತದಲ್ಲಿ ಅಂತಹ ತಂಡಕ್ಕೆ ಸಾರ್ಥವೆಂದೂ, ಅದರ ನಾಯಕನಿಗೆ ಸಾರ್ಥವಾಹನೆಂದೂ ಹೆಸರುಂಟು. ಹೆಸರು ಹೇಗಾದರೂ ಇರಲಿ. ಮನೆಯ ಸಾಮಗ್ರಿಯೊಡನೆ ಸಂಚರಿಸುವ ಪದ್ಧತಿಯು ಮೈಸೂರು ಸೀಮೆಯವರಿಗೆ ಹೊಸದಲ್ಲ. ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗುತ್ತಿದ್ದ ಕಮಾನುಗಾಡಿಗಳನ್ನು ನೆನೆಯಿರಿ. ಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿ, ಅಜ್ಜಿಯನ್ನೂ ಕೂಸುಗಳನ್ನೂ ಕೂರಿಸಿ, ಅಕ್ಕಿ ಬೇಳೆ ಪಾತ್ರೆಪಡಗಗಳನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಕಪಿಲೆಯ ದಡದಲ್ಲಿ ಎತ್ತುಗಳನ್ನು ಬಿಚ್ಚಿ, ಮೂರು ಕಲ್ಲಿಟ್ಟು ಒಲೆಹೂಡಿದರೆ ಅದೇ ಮನೆ.

ಆದರೆ ಆ ಗಾಡಿಗೂ ಈ ಬಂಡಿಗೂ ಒಂದು ದೊಡ್ಡ ಅಂತರವುಂಟು. ಆ ಗಾಡಿಯು ಎಲ್ಲಿ ನಿಲ್ಲಬೇಕೆಂಬುದನ್ನು ಹಿಂದಿನವರು ಮೊದಲೇ ಯೋಚಿಸಿದ್ದರು. ಊರ ಹೊರಗೆ ಗುಂಡುತೋಪು, ತೋಪಿನ ಪಕ್ಕದಲ್ಲಿ ಬಾವಿಯೋ ಕಟ್ಟೆಯೋ, ಬೇಸಗೆಯಲ್ಲಿ ಅರವಟ್ಟಿಗೆ, ಪಟ್ಟಣದೊಳಗೆ ಛತ್ರ. ಸಂಸ್ಕೃತದಲ್ಲಿ ಪ್ರಪೆಯೆಂದು ಕರೆಯುವುದೂ ಈ ಅರವಟ್ಟಿಗೆಯನ್ನೇ. ಕೆರೆಯನ್ನು ಕಟ್ಟಿಸುವುದು, ವನವನ್ನು ಬೆಳೆಸುವುದು ಇವು ಸಪ್ತಸಂತಾನಗಳಲ್ಲಿ ಸೇರಿದ್ದುವು; ಎಂದರೆ ಹೆತ್ತ ಮಗನಿಗೆ ಸಮಾನವಾದ ಪುಣ್ಯಕಾರ್ಯಗಳಾಗಿದ್ದುವು. ಈಗ ಅನೇಕ ಊರುಗಳಲ್ಲಿ ತೋಪು ಕರಗಿಹೋಗಿದೆ, ಬಾವಿ ಮುಚ್ಚಿಹೋಗಿದೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಇಂದು ಮೇಳಗಳೂ ಪ್ರದರ್ಶನಗಳೂ ನಡೆಯುತ್ತವೆ. ಮನೆಯು ಗಾಲಿಯ ಮೇಲೆ ಬಂದಿತು. ಅದು ನಿಲ್ಲತಕ್ಕ ನೆಲವು ಕಾಲ ಕೆಳಗಿನಿಂದ ಹೋಯಿತು.

ಈ ಕೊರತೆಯು ಎಲ್ಲಕ್ಕಿಂತ ಹೆಚ್ಚಾಗಿ ಕಾಣಬರುವ ಸ್ಥಳವು ಅದೇ ನಂಜನಗೂಡಿನ ದಾರಿಯಲ್ಲಿದೆ. ನಗರದಿಂದ ಸುಮಾರು 10 ಕಿಲೋಮೀಟರು ದಕ್ಷಿಣಕ್ಕೆ ಮಂಡಕಳ್ಳಿಯ ವಿಮಾನನಿಲ್ದಾಣವಿದೆ. ಇದರ ಚರಿತ್ರೆಯು 1940ರ ಸುಮಾರಿನಲ್ಲಿ, ಸಂಸ್ಥಾನದ ಕಾಲದಲ್ಲಿ ಮೊದಲಾಯಿತು. 1985ರಲ್ಲಿ ಪ್ರಯಾಣಿಕರ ವಿಮಾನವು ಬಂದಿತು. ನಡುವೆ ಅದು ನಿಂತುಹೋಗಿ, 2010ರಲ್ಲಿ ನಿಲ್ದಾಣವು ಹೊಸರೂಪದಿಂದ ತೆರೆಯಿತು. ಇದರ ರನ್‌ವೇ 1,740 ಮೀಟರು ಉದ್ದವುಳ್ಳದ್ದಾದುದರಿಂದ ಸಣ್ಣ ವಿಮಾನಗಳಿಗೆ ಮಾತ್ರ ಅನುಕೂಲ. ನಿಲ್ದಾಣದ ಮುಂದಿನ ಹೆದ್ದಾರಿಯು ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ, ಬಂಡೀಪುರದ ಕಾಡನ್ನು ಹೊಕ್ಕು, ವಯನಾಡಿಗೆ ಹೋಗುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ 2009ರಿಂದ ಆ ಕಾಡುದಾರಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ವಾಹನಸಂಚಾರವನ್ನು ನಿಷೇಧಿಸಲಾಗಿದೆ. ಈ ನಿಷೇಧವು ನ್ಯಾಯವಾದುದೇ. ಆನೆಗಳಿಗೂ ಜಿಂಕೆಗಳಿಗೂ ರಾತ್ರಿಯಾದರೂ ತಮ್ಮದಾಗಿರಬೇಕಷ್ಟೆ. ಇದರ ಫಲವಾಗಿ, ಹೊತ್ತುಮೀರಿ ಬಂದ ಪಯಣಿಗನು ಕಾಡಿನ ಈಚೆಯೇ ಎಲ್ಲಿಯಾದರೂ ತಂಗಲೇಬೇಕಾಗುತ್ತದೆ.

ನನ್ನ ಹಳೆಯ ಶಿಷ್ಯರೊಬ್ಬರಿಗೆ ಕಳೆದ ಮಾಘಮಾಸದಲ್ಲಿ ಹೀಗೆಯೇ ಆಯಿತು. ಎಂಬತ್ತು ವರ್ಷದ ತಾಯಿ, ಪತ್ನಿ, ಇಬ್ಬರು ಮಕ್ಕಳು ಇವರೊಡನೆ ಬೆಂಗಳೂರಿನಿಂದ ಬಾಡಿಗೆಯ ಕ್ಯಾರವಾನಿನಲ್ಲಿ ವಯನಾಡಿಗೆ ಹೊರಟವರು, ಮೈಸೂರನ್ನು ದಾಟುವಷ್ಟರಲ್ಲಿ ಕತ್ತಲಾಯಿತು. ಕಾಡಿನ ಬಾಗಿಲು ಮುಚ್ಚುವುದರೊಳಗೆ ಸೇರುವ ಸಂಭವವಿರಲಿಲ್ಲ. ದಾರಿಯ ವಸತಿಗೃಹವೊಂದರಲ್ಲಿ ಬಂಡಿ ನಿಲ್ಲಿಸಲು ಜಾಗ ಕೇಳಿದರೆ, ಕೊಠಡಿ ಹಿಡಿಯದವರಿಗೆ ಅಂಗಳವಿಲ್ಲವೆಂದರು. ಮತ್ತೊಂದೆಡೆ ಜಾಗವಿತ್ತು, ನೀರಿರಲಿಲ್ಲ. ಬಂಡಿಯ ತೊಟ್ಟಿಯಲ್ಲಿ ನೀರು ಮುಗಿಯುತ್ತ ಬಂದಿತ್ತು. ತಾಯಿಗೆ ಶೌಚಕ್ಕೆ ಹೋಗಲು ಸಂಕೋಚ. ಕಡೆಗೆ ರಸ್ತೆಯ ಪಕ್ಕದ ರೈತರೊಬ್ಬರು ತಮ್ಮ ತೆಂಗಿನ ತೋಟದಲ್ಲಿ ಎಡೆಕೊಟ್ಟು, ಕೊಳವೆಬಾವಿಯಿಂದ ನೀರು ತುಂಬಿಸಿ, ವೃದ್ಧೆಯನ್ನು ‘ಬನ್ನಿ ಅವ್ವಾ’ ಎಂದು ಮನೆಯೊಳಕ್ಕೇ ಕರೆದುಕೊಂಡುಹೋದರಂತೆ. ಬೆಳಿಗ್ಗೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ಇನ್ನೊಂದು ದಿನ ಇದ್ದರೂ ಇರಲಿ ಸ್ವಾಮಿ. ಆದರೆ ಆ ಕೊಳೆನೀರನ್ನು ಎಲ್ಲಿ ಬಿಡುತ್ತೀರಿ?”

ಈ ವಿಷಯದ ಮರ್ಮವೆಲ್ಲವೂ ಈ ಪ್ರಶ್ನೆಯಲ್ಲಿಯೇ ಇದೆ. ಬಂಡಿಯೊಳಗಿನ ಬಚ್ಚಲನೀರು ಒಂದು ತೊಟ್ಟಿಗೂ, ಶೌಚದ ಮಲಿನವು ಇನ್ನೊಂದು ತೊಟ್ಟಿಗೂ ಬೀಳುವುವು. ಎರಡನ್ನೂ ಕೆಲವು ದಿನಗಳಿಗೊಮ್ಮೆ ಬರಿದುಮಾಡಲೇಬೇಕು. ಸ್ಥಳವಿಲ್ಲದಿದ್ದರೆ ಅವಿವೇಕಿಗಳು ಮೋರಿಗೋ ಹಳ್ಳಕ್ಕೋ ಬಿಟ್ಟುಬಿಡುವರು. ಅದು ಕಪಿಲೆಯನ್ನು ಸೇರಿದರೆ, ತಿರುಮಕೂಡಲಿನ ಸಂಗಮದಲ್ಲಿ ಸ್ನಾನಮಾಡುವವರ ತಲೆಯ ಮೇಲೆ ಬರುವುದು ಅದೇ ನೀರು. ತನ್ನ ಮನೆಯು ಶುಚಿಯಾಗಿರಲೆಂದು ಊರಿನ ನೀರನ್ನು ಕೆಡಿಸುವವನನ್ನು ಯಾತ್ರಿಕನೆಂದು ಕರೆಯಲಾಗದು.

ಹೊರದೇಶಗಳಲ್ಲಿ ಇದನ್ನು ಹೇಗೆ ನಡೆಸುವರೆಂಬುದನ್ನು ತಿಳಿಯುವುದು ಉಪಯುಕ್ತ. ನ್ಯೂಜಿಲೆಂಡಿನಲ್ಲಿ ಆಕ್ಲೆಂಡ್, ಕ್ರೈಸ್ಟ್‌ಚರ್ಚ್ ನಗರಗಳಲ್ಲಿ ವಿಮಾನದಿಂದಿಳಿದವರು ನಿಲ್ದಾಣದ ಸಮೀಪದಲ್ಲಿಯೇ ಬಂಡಿಯನ್ನು ಬಾಡಿಗೆಗೆ ಪಡೆಯುತ್ತಾರೆ. ಹಾಲಿಡೇ ಪಾರ್ಕ್ ಎಂಬ ತಂಗುದಾಣಗಳು ಅಲ್ಲಿ ಊರೂರಿಗೂ ಉಂಟು. ಒಂದೊಂದು ಬಂಡಿಗೂ ಗುರುತುಮಾಡಿದ ಜಾಗ, ವಿದ್ಯುತ್ತಿನ ಕಂಬ, ಕುಡಿಯುವ ನೀರಿನ ನಲ್ಲಿ, ಎಲ್ಲರಿಗೂ ಸೇರಿದ ಅಡಿಗೆಮನೆ, ಸ್ನಾನಗೃಹ, ಮಲಿನವನ್ನು ಸುರಿಯುವುದಕ್ಕೆ ಪ್ರತ್ಯೇಕವಾದ ಗುಂಡಿ ಇವಿಷ್ಟೂ ಇರುವುವು. ವಿಮಾನಕ್ಕೆ ಹೊರಡುವ ಹಿಂದಿನ ರಾತ್ರಿ ಸಮೀಪದ ತಂಗುದಾಣದಲ್ಲಿಳಿದು, ತೊಟ್ಟಿಗಳನ್ನು ತೊಳೆದು, ಬಟ್ಟೆಬರೆ ಕಟ್ಟಿಕೊಂಡು, ಬೆಳಿಗ್ಗೆ ಬಂಡಿಯನ್ನು ಒಪ್ಪಿಸಿ ಹೋಗುವುದು ಅಲ್ಲಿನ ವಾಡಿಕೆ. ಕಂಡಕಂಡಲ್ಲಿ ತಂಗುವವರನ್ನು ನಿಯಂತ್ರಿಸಲು 2011ರಲ್ಲಿ ಅಲ್ಲಿ ಶಾಸನವಾಯಿತು. ಸ್ವಯಂಪೂರ್ಣವೆನಿಸಿಕೊಳ್ಳುವ ಬಂಡಿಯಲ್ಲಿ ಕದಲದಂತೆ ಕೂರಿಸಿದ ಶೌಚಪೀಠವಿರಬೇಕೆಂದು 2023ರಲ್ಲಿ ವಿಧಿಸಿದರು.

ಮಂಡಕಳ್ಳಿಯಿಂದ ನಂಜನಗೂಡಿನವರೆಗೆ ಇಂತಹದೊಂದು ತಂಗುದಾಣವನ್ನು ಮಾಡುವುದು ಕಷ್ಟವಲ್ಲ. ವಿಮಾನಗಳ ಸದ್ದು ಹೆಚ್ಚಾಗಿಲ್ಲ, ಚಾಮುಂಡಿಬೆಟ್ಟ ಸಮೀಪದಲ್ಲಿದೆ, ನಂಜುಂಡೇಶ್ವರನ ಸನ್ನಿಧಿಯು ಮುಂದೆಯೇ ಇದೆ. ಇದಕ್ಕೆ ವೈಭವವು ಬೇಕಾಗಿಲ್ಲ. ಹತ್ತು ಬಂಡಿಗಳಿಗಾಗುವಷ್ಟು ಗಟ್ಟಿನೆಲ, ಹೊಂಗೆ ಬೇವುಗಳ ನೆರಳು, ಎರಡು ನಲ್ಲಿ, ವಿದ್ಯುತ್ತು, ಹೆಂಗಸರಿಗೂ ಗಂಡಸರಿಗೂ ಬೇರೆಬೇರೆ ಶೌಚಗೃಹ, ಮಲಿನಕ್ಕೆ ಮುಚ್ಚಿದ ಗುಂಡಿ, ರಾತ್ರಿಯ ಕಾವಲುಗಾರ: ಇಷ್ಟಿದ್ದರೆ ಸಾಕು. ಗ್ರಾಮಪಂಚಾಯಿತಿಯವರು ಮಿತವಾದ ಶುಲ್ಕವನ್ನಿಟ್ಟು ನಡೆಸಿದರೆ ಊರಿಗೂ ವರಮಾನ, ಹಾಲು ತರಕಾರಿ ಮಾರುವವರಿಗೂ ವ್ಯಾಪಾರ. ದಸರೆಯ ದಿನಗಳಲ್ಲಿ ನಗರದ ಬೀದಿಗಳ ಇಕ್ಕಟ್ಟೂ ಸ್ವಲ್ಪ ಕಡಮೆಯಾದೀತು.

ಅದು ಆಗುವವರೆಗೆ, ಇಂತಹ ಬಂಡಿಯಲ್ಲಿ ಹೊರಡತಕ್ಕ ಗೃಹಸ್ಥರು ಕೆಲವು ಅಂಶಗಳನ್ನು ಗಮನಿಸಬೇಕು. ರಾತ್ರಿ ಎಲ್ಲಿ ನಿಲ್ಲುವುದೆಂಬುದನ್ನು ಮನೆಬಿಡುವ ಮೊದಲೇ ಪತ್ರದಿಂದಲೋ ಫೋನಿನಿಂದಲೋ ನಿಶ್ಚಯಿಸಿಕೊಳ್ಳಿರಿ. ಸ್ಥಳವೊಂದನ್ನೇ ಕೇಳದೆ ನೀರು, ಶೌಚ, ವಿದ್ಯುತ್ತು ಮೂರನ್ನೂ ಕೇಳಿರಿ. ಬಾಡಿಗೆಗೆ ಕೊಡುವವರನ್ನು ಮಲಿನದ ತೊಟ್ಟಿಯನ್ನು ಯಾರು, ಎಲ್ಲಿ ಬರಿದುಮಾಡುವರೆಂದು ವಿಚಾರಿಸಿರಿ. ಉತ್ತರವು ಅಸ್ಪಷ್ಟವಾದರೆ ಆ ಬಂಡಿಯು ಬೇಡ. ಶೌಚದ ತೊಟ್ಟಿಗೆ ಹಾಕುವ ಔಷಧಿಯು ಗಿಡಬಳ್ಳಿಗಳಿಗೆ ಆಗದು. ಆದುದರಿಂದ ಅದನ್ನು ತೋಟದ ಪಾತಿಗೆ ಸುರಿಯಬೇಡಿರಿ. ಮಲಗುವ ಮೊದಲು ಗ್ಯಾಸಿನ ಬಾಯನ್ನು ಮುಚ್ಚಿ, ಗಾಳಿಗೊಂದು ಕಿಂಡಿಯನ್ನು ತೆರೆದಿಡಿರಿ. ಬಂಡೀಪುರವನ್ನು ದಾಟಬೇಕಾದವರು ಸೂರ್ಯಾಸ್ತದ ವೇಳೆಗೆ ಅದನ್ನು ದಾಟಿರಬೇಕು, ಇಲ್ಲವೇ ಮೈಸೂರಿನ ಕಡೆಯೇ ನಿಲ್ಲಬೇಕು.

ಕೈಯಲ್ಲಿ ಹಣವಿದ್ದರೆ ಗಾಲಿಯ ಮೇಲೆ ಮನೆಯನ್ನು ಯಾರಾದರೂ ಕಟ್ಟಿಕೊಳ್ಳಬಹುದು. ಅದಕ್ಕೆ ನೆರಳನ್ನೂ ನೀರನ್ನೂ ಒದಗಿಸುವುದು ಮಾತ್ರ ಒಬ್ಬರಿಂದಾಗುವ ಕೆಲಸವಲ್ಲ. ಅದು ಊರಿನ ಕೆಲಸ. ತೋಪನ್ನು ನೆಟ್ಟ ನಮ್ಮ ಹಿರಿಯರಿಗೆ ಅದರ ನೆರಳಿನಲ್ಲಿ ಯಾರು ಮಲಗುವರೆಂಬುದು ತಿಳಿದಿರಲಿಲ್ಲ. ತಿಳಿಯದವರಿಗಾಗಿಯೇ ಅವರು ನೆಟ್ಟರು.